ಎಡಬಾಗಿಲ ಗೀರು

ಕಾರು ಬರುವುದಕ್ಕೆ ಒಂದು ವಾರ ಮುಂಚೆ ಅಪ್ಪ ಮನೆಯ ಮುಂದಿನ ಕಟ್ಟೆ ಒಡೆಸಿದ. ಕೊಟ್ಟೂರಿನ ನಮ್ಮ ಓಣಿಯಲ್ಲಿ ಎಲ್ಲ ಮನೆಗಳ ಮುಂದೂ ಕೂರಲು ಒಂದು ಕಲ್ಲಿನ ಕಟ್ಟೆ ಇರುತ್ತಿತ್ತು. ನಮ್ಮ ಕಟ್ಟೆ ಅಜ್ಜಿಯದು. ಅಜ್ಜಿ ಎಂದರೆ ಅಪ್ಪನ ತಾಯಿ. ಬಿಸಿಲು ಏರುವ ತನಕ ಅಲ್ಲಿ ಕುಳಿತು ಶೇಂಗಾ ಸುಲಿಯುತ್ತ, ಹಾದುಹೋಗುವವರನ್ನು ಹೆಸರು ಹಿಡಿದು ಕರೆದು ಮಾತಾಡಿಸುವುದು ಅವಳ ದಿನದ ಅರ್ಧ ಬದುಕು. ಗೌಂಡಿ ಒಂದೇ ಮಧ್ಯಾಹ್ನದಲ್ಲಿ ಅದನ್ನು ಕಿತ್ತುಹಾಕಿ, ಅಂಗಳದ ಗೋಡೆ ಕೆಡವಿ, ಕಾರು ಒಳಬರುವಷ್ಟು ದಾರಿ ಮಾಡಿದ. ಅಜ್ಜಿ ಅವತ್ತಿನಿಂದ ಪಡಸಾಲೆಯ ಕಂಬಕ್ಕೆ ಒರಗಿ ಕುಳಿತಳು. ಅಲ್ಲಿಂದ ಅವಳಿಗೆ ಓಣಿ ಕಾಣುತ್ತಿರಲಿಲ್ಲ. ಕಾರಿನ ಹಿಂಭಾಗ ಕಾಣುತ್ತಿತ್ತು.

ಅದು ಹೊಸಪೇಟೆಯ ಡಾಕ್ಟರೊಬ್ಬರು ಓಡಿಸಿ ಮಾರಿದ ಕಡುನೀಲಿ ಮಾರುತಿ. ಅಪ್ಪನಿಗೆ ಪೇಟೆಯಲ್ಲಿ ಬೀಜ ಮತ್ತು ಬೆಳೆಗೆ ಹೊಡೆಯುವ ಎಣ್ಣೆಯ ಅಂಗಡಿ ಇತ್ತು. ನಾನು ಹುಟ್ಟುವ ಮುಂಚೆ ಅವನು ಎಣ್ಣೆಯ ಡಬ್ಬಿಗಳನ್ನು ಸೈಕಲ್ಲಿನ ಹಿಂದೆ ಕಟ್ಟಿಕೊಂಡು ಉಜ್ಜಿನಿ ಕಡೆಯ ಹಳ್ಳಿಗಳಿಗೆ ಹಾಕಿಬರುತ್ತಿದ್ದನಂತೆ. ಹೊಳಲಿನಲ್ಲಿ ಅವನ ದೊಡ್ಡಪ್ಪನ ಮಗನೊಬ್ಬನಿದ್ದ. ಅವರದು ಅಂಬಾಸಿಡರ್ ಇಟ್ಟ ಮನೆತನ. ಅಪ್ಪನಿಗೆ ಮದುವೆಯಾದ ಹೊಸದರಲ್ಲಿ ಎಲ್ಲರೂ ಒಂದು ಕಾರ್ಯಕ್ಕೆ ಹೊರಟಾಗ, ಆ ಅಣ್ಣ ತನ್ನ ಕಾರಿನ ಬಾಗಿಲು ಹಿಡಿದು ನಿಂತು, ಹೊಸ ಹೆಂಡತಿಯ ಎದುರಿಗೇ ಅಪ್ಪನಿಗೆ ಹೇಳಿದ್ದನಂತೆ:

“ಕಾಲು ಝಾಡಿಸಿ ಹತ್ತೋ ಗುರಣ್ಣ, ಸೀಟಿಗೆ ಹೊಸ ಬಟ್ಟಿ ಹಾಕ್ಸೀನಿ.”

ಇದನ್ನು ನನಗೆ ಹೇಳಿದವಳು ಅವ್ವ. ಅಪ್ಪ ಕಾಲು ಝಾಡಿಸಿ ಹತ್ತಿದನಂತೆ. ಆ ಒಂದು ಮಾತಿಗಾಗಿಯೇ ನಮ್ಮ ಕಟ್ಟೆ ಹೋಗಿ ಕಾರು ಬಂತು ಎಂದು ಅವ್ವ ನಂಬಿದ್ದಳು. ನಾನೂ ನಂಬಿದ್ದೇನೆ.

ಊರಿನಲ್ಲಿ ಕಾರು ಇದ್ದವರು ಅದನ್ನು ಕೆರೆಯ ಹತ್ತಿರ ಕಳಿಸಿ ಲಾರಿಗಳ ಜೊತೆಗೇ ತೊಳೆಸುತ್ತಿದ್ದರು. ಅಲ್ಲಿ ತೆಂಗಿನ ನಾರಿನಿಂದ ಉಜ್ಜುತ್ತಿದ್ದರು. ಅಪ್ಪ ಒಮ್ಮೆ ನಿಂತು ನೋಡಿ, ಕಾರನ್ನು ತಿರುಗಿಸಿಕೊಂಡು ಮನೆಗೆ ಬಂದ. ಆಮೇಲೆ ಅದನ್ನು ಮಾರಿದ ಡಾಕ್ಟರರ ಡ್ರೈವರನ್ನು ಕೇಳಿ ಎಲ್ಲ ಕಲಿತ. ಕಲಿತದ್ದನ್ನು ಅವ್ವನಿಗೂ ನನಗೂ ಕಲಿಸಿದ. ಒಣ ಬಟ್ಟೆಯಿಂದ ಧೂಳು ಒರೆಸಕೂಡದು, ಒಂದೊಂದು ಕಣವೂ ಬಣ್ಣಕ್ಕೆ ಚಾಕು ಇದ್ದಹಾಗೆ. ಮೊದಲು ಬರೀ ನೀರು ಸುರಿದು ಧೂಳು ತಾನಾಗಿ ಇಳಿದುಹೋಗಲು ಬಿಡಬೇಕು. ಬಿಸಿಲು ಬೀಳುವ ಮುಂಚೆ ಮುಗಿಸಬೇಕು. ಮೇಲಿನಿಂದ ಕೆಳಗೆ ಬರಬೇಕು, ಕೆಳಗೆ ಮುಟ್ಟಿದ ಬಟ್ಟೆ ಮತ್ತೆ ಮೇಲೆ ಹೋಗಕೂಡದು. ಬಕೆಟ್ಟು ಎರಡು, ನೊರೆಯದೊಂದು, ಬಟ್ಟೆ ಜಾಲಿಸಲು ಇನ್ನೊಂದು. ಸುತ್ತಿಸಿ ಉಜ್ಜಬಾರದು, ನೇರ ಎಳೆಯಬೇಕು. ಬಟ್ಟೆ ನೆಲಕ್ಕೆ ಬಿದ್ದರೆ ಮುಗಿಯಿತು, ಅದನ್ನು ತೆಗೆದಿಟ್ಟು ಹಿತ್ತಲಿನ ಗೂಟದಿಂದ ಬೇರೆ ತರಬೇಕು. ಬಟ್ಟೆ ಎಂದರೆ ಅಜ್ಜಿಯ ಹಳೆಯ ನೂಲಿನ ಸೀರೆಗಳು, ಒಗೆದೊಗೆದು ಮೆತ್ತಗಾದವು. ನೊರೆಗೆ ಬಟ್ಟೆಯ ಪುಡಿ ಹಾಕುವಂತಿರಲಿಲ್ಲ. ಶಾಂಪೂ ಪಾಕೀಟು ಬರುತ್ತಿದ್ದವು. ನನ್ನ ತಲೆಗೆ ಸೀಗೆಪುಡಿ, ಕಾರಿಗೆ ಶಾಂಪೂ. ಇದರಲ್ಲಿ ನಗುವಂಥದ್ದೇನಾದರೂ ಇದೆ ಎಂದು ಆಗ ಮನೆಯಲ್ಲಿ ಯಾರಿಗೂ ಅನ್ನಿಸಲಿಲ್ಲ.

ನೀರಿನದು ಬೇರೆಯೇ ಕಥೆ. ನಮ್ಮ ಬೋರಿನ ನೀರು ಸವಳು. ಅದು ಕಾರಿನ ಮೇಲೆ ಒಣಗಿದರೆ ಬಿಳಿಯ ಚುಕ್ಕೆ ಕೂರುತ್ತಿತ್ತು. ಹೀಗಾಗಿ ನಾಲ್ಕೈದು ದಿನಕ್ಕೊಮ್ಮೆ ಬರುತ್ತಿದ್ದ ನಲ್ಲಿಯ ಸಿಹಿನೀರಿನಲ್ಲಿ ಮೊದಲ ಎರಡು ಕೊಡ ಕಾರಿಗೆ ಎತ್ತಿಡಬೇಕಿತ್ತು. ಮಿಕ್ಕಿದ್ದು ಕುಡಿಯಲಿಕ್ಕೆ. ಸಾಲದೆ ಬಂದ ದಿನ ಅವ್ವ ಪಕ್ಕದ ಮನೆಗೆ ತಂಬಿಗೆ ಹಿಡಿದು ಹೋಗುತ್ತಿದ್ದಳು. ಕಾರಿನ ಮನೆಯವಳು ಕುಡಿಯುವ ನೀರು ಕೇಳಲು ಬಂದಳು ಎಂದು ಅವರು ಹಿಂದಿನಿಂದ ನಗುತ್ತಿದ್ದುದು ಅವಳಿಗೆ ಗೊತ್ತಿತ್ತು. ನಾವು ಕಾರು ತೊಳೆಯುವಾಗ ತಮ್ಮ ಸ್ಟೇರಿಂಗ್ ಹಿಡಿದು ಒಳಗೆ ಕುಳಿತಿರುತ್ತಿದ್ದ. ಗಂಡುಹುಡುಗ, ಐದು ವರ್ಷದವನು. ಅವನ ಕೈಗೆ ಯಾರೂ ಬಟ್ಟೆ ಕೊಡಲಿಲ್ಲ. ತೊಳೆದಾದ ಮೇಲೆ ಅಪ್ಪ ತನ್ನದೊಂದು ಹಳೆಯ ಪಂಚೆ ತಂದು ತಾನೇ ಒರೆಸುತ್ತಿದ್ದ. ಒರೆಸುವಾಗ ಅವನ ಮುಖ ಮೆತ್ತಗಾಗುತ್ತಿತ್ತು. ಆ ಮುಖವನ್ನು ನಾನು ಮನೆಯ ಒಳಗೆ ನೋಡಿದ್ದು ನೆನಪಿಲ್ಲ. ಅದೆಲ್ಲ ಮುಗಿಯುವ ತನಕ ಒಲೆ ಹತ್ತುತ್ತಿರಲಿಲ್ಲ. ಆಮೇಲೆ ಅವ್ವ ತೊಯ್ದ ಸೀರೆಯಲ್ಲೇ ಕುಳಿತು ರೊಟ್ಟಿ ಬಡಿಯುತ್ತಿದ್ದಳು.

ಮೊದಲ ಜಗಳ ಬಂದದ್ದು ಬಳೆಯಿಂದ. ಅವ್ವನ ಎರಡೂ ಕೈಯಲ್ಲಿ ಹಸಿರು ಗಾಜಿನ ಬಳೆಗಳಿದ್ದವು. ಕಾರು ಬಂದ ಎರಡನೆಯ ವಾರ, ಅವಳು ಬಾನೆಟ್ಟಿನ ಮೇಲೆ ಬಗ್ಗಿ ಬಟ್ಟೆ ಎಳೆಯುತ್ತಿದ್ದಾಗ ಅಪ್ಪ ಬಂದು ಅವಳ ಕೈ ಹಿಡಿದ.

“ಬಳಿ ತಗದಿಟ್ಟು ತೊಳಿ. ಗಾಜು ತಾಗಿದ್ರ ಬಣ್ಣ ಹೋಗತೈತಿ.”

ಪಡಸಾಲೆಯಿಂದ ಅಜ್ಜಿ ಎದ್ದು ಬಂದಳು. ಗಂಡನನ್ನು ಕಳೆದುಕೊಂಡು ಇಪ್ಪತ್ತು ವರ್ಷ ದಾಟಿದ್ದವಳು ಅವಳು.

“ಮುತ್ತೈದಿ ಕೈಯಾಗಿನ ಬಳಿ ತಗಿ ಅಂತೀಯಲ್ಲೋ. ನೀ ಬದುಕಿರತಾ ಆಕಿ ಬೋಳು ಕೈಲೆ ಅಂಗಳದಾಗ ನಿಲ್ಲಬೇಕನು?”

ಅಪ್ಪ ತಿರುಗಿ ನೋಡದೆ ಹೇಳಿದ:

“ಹಂಗಾರ ನೀ ತೊಳಿ ಬಾ. ನಿನ್ನ ಕೈಯಾಗ ಬಳಿ ಇಲ್ಲಲ್ಲ.”

ಅಜ್ಜಿ ಒಳಗೆ ಹೋದಳು. ಎರಡು ದಿನ ಅವನು ಉಣ್ಣುವಾಗ ಅಡಿಗೆಮನೆಗೆ ಬರಲಿಲ್ಲ. ಕೊನೆಗೆ ಉಪಾಯ ಹುಡುಕಿದವಳು ಅವ್ವ. ಬಳೆಗಳನ್ನು ಮೊಣಕೈ ಕಡೆಗೆ ಸರಿಸಿ, ಅದರ ಮೇಲೆ ಹಳೆಯ ಕುಪ್ಪಸದ ತುಂಡು ಬಿಗಿಯಾಗಿ ಸುತ್ತಿ, ನನ್ನ ಕೈಯಿಂದ ಗಂಟು ಹಾಕಿಸಿಕೊಂಡಳು. ಅಪ್ಪ ಬೆರಳಿನಿಂದ ಒತ್ತಿ ನೋಡಿ ಒಪ್ಪಿದ. ಅಲ್ಲಿಂದ ಮುಂದೆ ಕಾರು ತೊಳೆಯುವ ಬೆಳಗೆಲ್ಲ ಅವ್ವನ ಎರಡೂ ಕೈಗೆ ಗಾಯದ ಪಟ್ಟಿ ಕಟ್ಟಿದಂತೆ ಕಾಣುತ್ತಿತ್ತು. ನೋಡಿದವರು ಏನಾಯಿತೆಂದು ಕೇಳಿದರೆ ಏನಿಲ್ಲ ಅನ್ನುತ್ತಿದ್ದಳು.

ಹೀಗೆ ಒಂದು ವರ್ಷ ನಡೆಯಿತು. ಆಮೇಲೆ ಹೊಳಲಿನಿಂದ ಕರೆ ಬಂತು. ಕಾಲು ಝಾಡಿಸಲು ಹೇಳಿದ್ದ ಆ ಅಣ್ಣ ನನಗೆ ದೊಡ್ಡಪ್ಪ. ಅವನ ಸೊಸೆಗೆ ಏಳನೆಯ ತಿಂಗಳು, ಕುಬಸದ ಕಾರ್ಯ ಇಟ್ಟುಕೊಂಡಿದ್ದರು. ಅಪ್ಪನ ಓಡಾಟ ನೋಡಿದವರು ಕಾರ್ಯ ನಮ್ಮ ಮನೆಯದೇ ಅನ್ನಬೇಕು, ಹಾಗೆ. ಸೀಟಿಗೆ ಹೊಸ ಹೊದಿಕೆ ಹಾಕಿಸಿದ. ಚಕ್ರದ ತಟ್ಟೆಗಳನ್ನು ಹುಣಸೆಹಣ್ಣು ಹಚ್ಚಿ ಬೆಳಗಿಸಿದ. ಎರಡು ದಿನಕ್ಕೊಮ್ಮೆ ಇದ್ದ ತೊಳೆಯುವ ಕೆಲಸ ದಿನಾ ಆಯಿತು.

ಹೊರಡಲು ನಾಲ್ಕು ದಿನ ಉಳಿದಿದ್ದಾಗ, ಒಂದು ಬೆಳಿಗ್ಗೆ ನಡೆದದ್ದು ಇದು. ಬಾಗಿಲುಗಳ ಕೆಳಗಿನ ಅರ್ಧ ನನ್ನ ಪಾಲಿನದು. ಮೇಲಿನ ಅರ್ಧ ಅವ್ವನದು, ಅವಳು ಅದನ್ನು ಮುಗಿಸಿ ಆ ಕಡೆಗೆ ಹೋಗಿದ್ದಳು. ನನಗೆ ಹನ್ನೊಂದು ವರ್ಷ. ಶಾಲೆಗೆ ಹೊತ್ತಾಗಿತ್ತು, ತಲೆ ಬಾಚಿರಲಿಲ್ಲ. ಎಡಬಾಗಿಲ ಹತ್ತಿರ ಕುಳಿತಿದ್ದಾಗ ಬಟ್ಟೆ ಕೈಜಾರಿ ನೆಲಕ್ಕೆ ಬಿತ್ತು. ಗೌಂಡಿ ಗೋಡೆ ಕೆಡವಿದಾಗಿನ ಉಸುಕು ಅಲ್ಲಿ ಇನ್ನೂ ಉಳಿದಿತ್ತು. ಹಿತ್ತಲಿನ ಗೂಟ ಹತ್ತೇ ಹೆಜ್ಜೆ. ನಾನು ಹೋಗಲಿಲ್ಲ. ಬಟ್ಟೆಯನ್ನು ಬಕೆಟ್ಟಿನಲ್ಲಿ ಒಮ್ಮೆ ಅದ್ದಿ ಎತ್ತಿ ಹಿಡಿಕೆಯ ಕೆಳಗೆ ಎಳೆದೆ. ಸಣ್ಣದಾಗಿ ಕರ್ ಎಂದಿತು. ಬಟ್ಟೆ ತೆಗೆದು ನೋಡಿದರೆ ಅಂಗೈ ಅಗಲದ ಗೀರು, ನೀಲಿಯ ಒಳಗೆ ಬಿಳಿ. ಅದರ ಮೇಲೆ ನೀರು ಸುರಿದೆ, ಗೀರು ಮಾಯವಾಯಿತು. ನೀರು ಇಳಿದ ಕೂಡಲೇ ಮತ್ತೆ ಬಂತು. ಮತ್ತೆ ಸುರಿದೆ. ಎಷ್ಟು ಸಲ ಸುರಿದೆನೋ ಗೊತ್ತಿಲ್ಲ. ಬಕೆಟ್ಟು ಖಾಲಿಯಾಗಿ, ಅಪ್ಪ ಪಂಚೆ ಹಿಡಿದು ಬಂದ.

ಅವನು ಗೀರಿನ ಮೇಲೆ ಹೆಬ್ಬೆರಳು ಇಟ್ಟು ಬಹಳ ಹೊತ್ತು ಕುಕ್ಕರುಗಾಲಲ್ಲಿ ಕುಳಿತ. ಗೀರು ಇದ್ದದ್ದು ಬಾಗಿಲಿನ ನಡುಮಧ್ಯ, ಅವ್ವನ ಪಾಲೂ ನನ್ನ ಪಾಲೂ ಕೂಡುವಲ್ಲಿ. ಅವನು ನನ್ನ ಕಡೆ ನೋಡಲಿಲ್ಲ. ಎದ್ದು ಆ ಕಡೆ ಹೋಗಿ ಅವ್ವನ ಬಲಗೈ ಎಳೆದು ನೋಡಿದ. ಕುಪ್ಪಸದ ತುಂಡು ಸಡಿಲಾಗಿ ಎರಡು ಬಳೆ ಮಣಿಕಟ್ಟಿಗೆ ಇಳಿದಿದ್ದವು. ಒಂದರ ಅಂಚು ಒಡೆದಿತ್ತು.

“ಇದಕ್ಕ ಏನಂತೀ?”

“ನನಗ ಗೊತ್ತಾಗಲಿಲ್ರಿ,” ಎಂದಳು ಅವ್ವ. “ಸಡಿಲಾಗಿದ್ದು ಗೊತ್ತಾಗಲಿಲ್ಲ.”

“ನಾಕು ದಿನದಾಗ ಹೊಳಲಿಗೆ ಹೋಗಬೇಕು. ಬೇಕಂತ ಮಾಡೀಯೇನು?”

“ಯಾರರ ಬೇಕಂತ ಮಾಡ್ತಾರನ್ರಿ.”

“ತಗಿ ಅವನ್ನ. ಎಲ್ಲಾ ತಗಿ.”

ಅವಳು ಅವನ ಮುಖ ನೋಡಿದಳು. ಆಮೇಲೆ ನೊರೆಯ ಬಕೆಟ್ಟಿನಲ್ಲಿ ಕೈ ಅದ್ದಿ, ಒಂದೊಂದಾಗಿ ಬಳೆ ಜಾರಿಸಿ ತೆಗೆದು, ಕೈಗೆ ಹತ್ತಿರವಿದ್ದ ಬಾನೆಟ್ಟಿನ ಮೇಲೆ ಇಡತೊಡಗಿದಳು. ಮೂರನೆಯದು ಇಡುವಾಗ ಅಪ್ಪ ಹೇಳಿದ:

“ಅಲ್ಲಿಡಬ್ಯಾಡ, ಗೀರು ಬೀಳತೈತಿ.”

ಅಜ್ಜಿ ಬಂದು ಸೆರಗು ಒಡ್ಡಿದಳು. ಉಳಿದವನ್ನು ಅವ್ವ ಆ ಸೆರಗಿಗೆ ಹಾಕಿದಳು. ನಾನು ಆ ಬಟ್ಟೆಯನ್ನು ಹಿಂಡಿ, ಹಿತ್ತಲಿನ ಗೂಟಕ್ಕೆ ಹಾಕಿ, ತಲೆ ಬಾಚಿಕೊಂಡು ಶಾಲೆಗೆ ಹೋದೆ. ಅವತ್ತು ಸಂಜೆ ಹೇಳಬಹುದಿತ್ತು. ಮರುದಿನ ಹೇಳಬಹುದಿತ್ತು. ಅಪ್ಪ ನನ್ನನ್ನು ಹೊಡೆಯುತ್ತಿದ್ದ, ಅದು ನಿಜ. ಆದರೆ ಹೊಡೆತದ ಭಯಕ್ಕಿಂತ ಹೆಚ್ಚಾಗಿ, ಅವನು ನನ್ನನ್ನು ಅನುಮಾನಿಸಲೇ ಇಲ್ಲವಲ್ಲ ಎಂಬ ಒಂದು ಕೆಟ್ಟ ಸಮಾಧಾನ ನನ್ನೊಳಗೆ ಇತ್ತು. ಅದನ್ನು ಬಿಟ್ಟುಕೊಡಲು ಮನಸ್ಸಾಗಲಿಲ್ಲ.

ಮರುದಿನದಿಂದ ಅವ್ವ ಬರಿಗೈಯಲ್ಲಿ ಕಾರು ತೊಳೆದಳು, ಬರಿಗೈಯಲ್ಲೇ ರೊಟ್ಟಿ ಬಡಿದಳು. ತೊಳೆದಾದ ಮೇಲೆ ಹಾಕಿಕೊಳ್ಳೇ ಎಂದು ಅಜ್ಜಿ ಎರಡು ಸಲ ಕೇಳಿಕೊಂಡಳು.

“ದಿನಾ ತಗಿಯೋದು, ದಿನಾ ಹಾಕ್ಕೊಳ್ಳೋದು ಯಾಕತ್ತಿ,” ಎಂದಳು ಅವ್ವ. “ಒಮ್ಮೆ ತಗದದ್ದಾತಲ್ಲ.”

ಅಜ್ಜಿ ಅದಕ್ಕೆ ಅತ್ತಳು. ಅಪ್ಪ ಕೇಳಿಯೂ ಕೇಳದಂತೆ ಇದ್ದ. ಹೊಳಲಿಗೆ ಹೊರಡುವ ಬೆಳಿಗ್ಗೆ, ಅವ್ವ ಒಳ್ಳೆಯ ಸೀರೆ ಉಟ್ಟು ಬಂದು ಹಿಂದಿನ ಸೀಟಿನಲ್ಲಿ ಕುಳಿತಾಗ, ಅವನು ಕನ್ನಡಿಯಲ್ಲಿ ಅವಳ ಕೈ ನೋಡಿ ಕೇಳಿದ.

“ಬಳಿ?”

“ಕುಬಸಕ್ಕ ಬಳಿಗಾರ ಬಂದಿರತಾನಲ್ರಿ.”

ಇದು ಸರಿಯಾದ ಉತ್ತರವೇ. ಕುಬಸದಲ್ಲಿ ಬಸುರಿಗೆ ಬಳೆ ತೊಡಿಸಿದ ಮೇಲೆ ಬಂದ ಮುತ್ತೈದೆಯರಿಗೆಲ್ಲ ಬಳಿಗಾರ ಬಳೆ ಹಾಕುತ್ತಾನೆ. ಅಪ್ಪನಿಗೆ ಸಮಾಧಾನವಾಯಿತು. ದಾರಿಯಲ್ಲಿ, ಹಡಗಲಿ ದಾಟಿದ ಮೇಲೆ, ತನ್ನಷ್ಟಕ್ಕೆ ಏನೋ ಗುನುಗಿಕೊಂಡ. ಊರ ಹೊರಗೆ ಕಾರು ನಿಲ್ಲಿಸಿ ದಾರಿಯ ಧೂಳಿಗೆ ಬಾಟ್ಲಿಯಿಂದ ನೀರು ಸುರಿದ. ದೊಡ್ಡಪ್ಪನ ಮನೆಯ ಮುಂದೆ ಎಡಬಾಗಿಲು ಗೋಡೆಯ ಕಡೆಗೆ ಬರುವಂತೆ, ಹಿಂದೆ ಮುಂದೆ ಮೂರು ಸಲ ತಿರುಗಿಸಿ ನಿಲ್ಲಿಸಿದ. ದೊಡ್ಡಪ್ಪ ಹೊರಗೆ ಬಂದು ಸುತ್ತ ನೋಡಿದ.

“ಭಾಳ ಚೊಕ್ಕ ಇಟ್ಟೀಯಲ್ಲೋ ಗುರಣ್ಣ. ಎಲ್ಲಿ ತೊಳಸ್ತಿ?”

“ಮನ್ಯಾಗ ಅಣ್ಣ. ನಮ್ಮಾಕಿ ತೊಳಿತಾಳ.”

ಅಪ್ಪ ಅದನ್ನು ಹೆಮ್ಮೆಯಿಂದಲೇ ಹೇಳಿದ. ಅವನು ಅವ್ವನ ಬಗ್ಗೆ ಜನರ ಎದುರು ಹೆಮ್ಮೆಪಟ್ಟು ಮಾತಾಡಿದ್ದು ಅದೊಂದೇ ಸಲ ಇರಬೇಕು, ನನ್ನ ಕಿವಿಗೆ ಬಿದ್ದಂತೆ.

ಕಾರ್ಯ ಪಡಸಾಲೆಯಲ್ಲಿ ನಡೆಯಿತು. ಗಂಡಸರು ಅಂಗಳದಲ್ಲಿ ಚಾಪೆಯ ಮೇಲೆ ಕುಳಿತು ಮಂಡಕ್ಕಿ ತಿನ್ನುತ್ತಿದ್ದರು, ನಡುವೆ ಬಾಗಿಲು ತೆರೆದೇ ಇತ್ತು. ಬಸುರಿಗೆ ಬಳೆ ಹಾಕಿ ಆರತಿ ಮಾಡಿದ ಮೇಲೆ ಹೆಂಗಸರು ಒಬ್ಬೊಬ್ಬರಾಗಿ ಬಳಿಗಾರನ ಮುಂದೆ ಕುಳಿತು ಏಳತೊಡಗಿದರು. ಅವ್ವ ಗೋಡೆಗೆ ಒರಗಿ, ಸೆರಗಿನಲ್ಲಿ ಕೈ ಮುಚ್ಚಿಕೊಂಡಿದ್ದಳು. ನಾನು ಅವಳ ಪಕ್ಕದಲ್ಲಿದ್ದೆ. ಅವಳ ಸರದಿ ಬಂದಾಗ ಬಳಿಗಾರ ಕರೆದ.

“ಬರ್ರಿ ಅಕ್ಕಾರ, ಕೈ ಕೊಡ್ರಿ.”

“ನನಗ ಬ್ಯಾಡಪ್ಪ.”

ಸೆರಗು ಸರಿದಿತ್ತು. ದೊಡ್ಡಪ್ಪನ ಹೆಂಡತಿ ಅವಳ ಕೈ ನೋಡಿದಳು, ಆಮೇಲೆ ಎಲ್ಲರೂ ನೋಡಿದರು. ಬಸುರಿಯ ಪಕ್ಕ ಕುಳಿತಿದ್ದ ಒಬ್ಬ ಮುದುಕಿ ಆ ಬಸುರಿಯನ್ನು ಅವ್ವನಿಂದ ಸ್ವಲ್ಪ ಆಚೆಗೆ ಎಳೆದುಕೊಂಡಳು.

“ಇದೇನ ಗಿರಿಜಾ,” ಎಂದಳು ದೊಡ್ಡಪ್ಪನ ಹೆಂಡತಿ. “ಶುಭದ ಮನಿಗೆ ಹಿಂಗ ಬಂದೀಯಲ್ಲ.”

ಅವ್ವ ದನಿ ಏರಿಸಲಿಲ್ಲ. ಅಂಗಡಿಯಲ್ಲಿ ಬೇಳೆ ಕೇಳುವ ದನಿಯಲ್ಲೇ ಹೇಳಿದಳು:

“ನಾ ಏನ್ ಮಾಡ್ಲಕ್ಕ. ನಾ ಬಳಿ ಹಾಕ್ಕೊಂಡ್ರ ನಮ್ಮನಿಯವರ ಕಾರಿಗೆ ಗೀರು ಬೀಳತಾವಂತ. ಅವರ ತಗಸ್ಯಾರ. ಬೇಕಾರ ಹೊರಗ ಅದಾರ, ಕೇಳ್ರಿ.”

ಅಂಗಳದಲ್ಲಿ ಮಂಡಕ್ಕಿಯ ಸದ್ದು ನಿಂತಿತು. ಯಾರೋ ಒಬ್ಬರು ಕೆಮ್ಮಿದರು. ಇನ್ನೊಬ್ಬರು ನಕ್ಕರು, ದೊಡ್ಡಪ್ಪನೇ ಇರಬೇಕು. ಬಾಗಿಲಿನಿಂದ ನನಗೆ ಅಪ್ಪ ಕಾಣುತ್ತಿದ್ದ. ಅವನು ಕೈಯಲ್ಲಿದ್ದ ತಟ್ಟೆಯನ್ನು ನೆಲಕ್ಕಿಟ್ಟು, ಪಂಚೆಯ ಮೇಲೆ ಬಿದ್ದ ಮಂಡಕ್ಕಿಯ ಕಾಳುಗಳನ್ನು ಒಂದೊಂದಾಗಿ ಹೆಕ್ಕಿ ತಟ್ಟೆಗೆ ಹಾಕುತ್ತಿದ್ದ. ಆಗ ನಾನು ಎದ್ದು ಹೇಳಬಹುದಿತ್ತು. ಗೀರು ಹಾಕಿದ್ದು ನಾನು ಎಂಬ ಮೂರು ಮಾತು. ಹನ್ನೊಂದು ವರ್ಷದ ಹುಡುಗಿ ಹೇಳಿದ್ದರೆ ಎಲ್ಲರೂ ನಕ್ಕು ಹಗುರಾಗುತ್ತಿದ್ದರೋ ಏನೋ. ನಾನು ಅವ್ವನ ಸೆರಗಿನ ತುದಿ ಹಿಡಿದುಕೊಂಡು ಕುಳಿತೇ ಇದ್ದೆ.

ಮನೆಗೆ ಬಂದು ಅಪ್ಪ ಹೊಡೆಯಲಿಲ್ಲ, ಬಯ್ಯಲಿಲ್ಲ. ಮರುದಿನ ಬೆಳಿಗ್ಗೆ ನಾವು ಏಳುವಷ್ಟರಲ್ಲಿ ತಾನೇ ಕಾರು ತೊಳೆದು ಮುಗಿಸಿದ್ದ. ಮತ್ತೆಂದೂ ನಮ್ಮ ಕೈಗೆ ಬಟ್ಟೆ ಕೊಡಲಿಲ್ಲ. ಅವ್ವನ ಜೊತೆ ಮಾತು ಬಿಟ್ಟ. ಬೇಕಾದದ್ದೆಲ್ಲ ನನ್ನ ಮೂಲಕ ಹೋಗತೊಡಗಿತು. ಮಂಜಿ, ನಿಮ್ಮವ್ವಗ ಅಂಗಿ ಒಗಿ ಅಂತ ಹೇಳು. ಮಂಜಿ, ನಿಮ್ಮಪ್ಪಗ ಊಟಕ್ಕ ಬಾ ಅಂತ ಹೇಳು. ಎರಡೂ ಕಡೆಯ ಮಾತಿನ ಮುಳ್ಳು ಕಿತ್ತು ಮುಟ್ಟಿಸುವುದನ್ನು ನಾನು ಅಲ್ಲಿ ಕಲಿತೆ. ನನ್ನಷ್ಟು ಹೊಂದಿಕೊಂಡು ಹೋಗುವವಳು ಇನ್ನೊಬ್ಬಳಿಲ್ಲ ಎಂದು ಆಮೇಲೆ ನನ್ನ ಅತ್ತೆಮನೆಯವರು ಹೊಗಳಿದರು. ಅದನ್ನು ಎಲ್ಲಿ ಕಲಿತೆ ಎಂದು ಯಾರೂ ಕೇಳಲಿಲ್ಲ. ವರ್ಷಗಳ ಮೇಲೆ ಅವರ ನಡುವೆ ಒಂದೆರಡು ಮಾತು ಮತ್ತೆ ಹುಟ್ಟಿದವು, ಗ್ಯಾಸು ಬಂತು, ಕರೆಂಟು ಹೋಯಿತು ಎಂಬಂಥವು. ಅಜ್ಜಿ ತೀರಿಕೊಂಡಳು. ಕಾರು ಹಗರಿಬೊಮ್ಮನಹಳ್ಳಿಯ ಯಾರಿಗೋ ಹೋಯಿತು. ನಾನು ಮದುವೆಯಾಗಿ ಹರಪನಹಳ್ಳಿಗೆ ಬಂದೆ. ಅಪ್ಪ ಒಂದು ದಿನ ಅಂಗಡಿಯಲ್ಲಿ ಕುರ್ಚಿಯ ಮೇಲೆ ಕುಳಿತಂತೆಯೇ ಹೋಗಿಬಿಟ್ಟ.

ಇಷ್ಟೂ ವರ್ಷ ನಾನು ಈ ಕಥೆಯನ್ನು ಬಹಳ ಜನಕ್ಕೆ ಹೇಳಿದ್ದೇನೆ. ಗಂಡನಿಗೆ, ಗೆಳತಿಯರಿಗೆ, ನನ್ನ ಮಗಳಿಗೆ. ಕಾರಿಗಾಗಿ ಹೆಂಡತಿಯ ಬಳೆ ತೆಗೆಸಿದ ಗಂಡಸಿನ ಕಥೆಯಾಗಿ ಹೇಳಿದ್ದೇನೆ. ಬಟ್ಟೆ ನೆಲಕ್ಕೆ ಬಿದ್ದ ಭಾಗ ಬಿಟ್ಟು ಹೇಳಿದ್ದೇನೆ.

ಅಪ್ಪ ಹೋದ ಮರುವರ್ಷ ಅವ್ವ ನಮ್ಮಲ್ಲಿಗೆ ಹದಿನೈದು ದಿನಕ್ಕೆಂದು ಬಂದಿದ್ದಳು. ಉಳಿದಂತೆ ಕೊಟ್ಟೂರಿನಲ್ಲಿ ತಮ್ಮನ ಸಂಸಾರದ ಜೊತೆ ಇರುತ್ತಿದ್ದಳು. ಒಂದು ಮಧ್ಯಾಹ್ನ ಇಬ್ಬರೂ ಅವರೆಕಾಯಿ ಬಿಡಿಸುತ್ತ ಕುಳಿತಿದ್ದೆವು. ಹೊರಗೆ ನನ್ನ ಗಂಡ ಕಾರು ತೊಳೆಯುತ್ತಿದ್ದರು, ನೆಲಕ್ಕೆ ಬಿದ್ದ ಬಟ್ಟೆಯನ್ನೇ ಎತ್ತಿ ಉಜ್ಜುತ್ತಿದ್ದರು. ನನಗೆ ನಗು ಬಂತು. ಇಷ್ಟು ಹಳೆಯದಾಯಿತಲ್ಲ, ಇನ್ನೇನು ಎಂದುಕೊಂಡು ಹೇಳಿಬಿಟ್ಟೆ. ಬಟ್ಟೆ ಬಿದ್ದದ್ದು, ನಾನು ಹಿತ್ತಲಿಗೆ ಹೋಗದೆ ಇದ್ದದ್ದು, ಗೀರು ಕಾಣಬಾರದೆಂದು ನೀರು ಸುರಿದದ್ದು. ಅವಳಿಗೆ ಮೊದಲೇ ಗೊತ್ತಿರಬಹುದು, ನನ್ನನ್ನು ಉಳಿಸಲೆಂದೇ ಸುಮ್ಮನಿದ್ದಿರಬಹುದು ಎಂದು ನಾನು ಎಷ್ಟೋ ವರ್ಷ ನಂಬಿಕೊಂಡಿದ್ದೆ. ತಾಯಂದಿರು ಹಾಗೆ ಮಾಡುತ್ತಾರಲ್ಲ.

ಅವ್ವನ ಕೈ ನಿಂತಿತು.

“ನನ್ನ ಬಳಿಯಿಂದ ಅಲ್ಲೇನು?”

“ಅಲ್ಲವ್ವಾ. ನಿನಗ ಗೊತ್ತೈತಿ ಅಂದ್ಕೊಂಡಿದ್ದೆ.”

“ನನಗ ಹೆಂಗ ಗೊತ್ತಾಗತೈತಿ. ಬಳಿ ಒಡದಿತ್ತು. ನಂದ ತಪ್ಪು ಅಂತ ತಿಳದೆ.”

ಅವಳು ಮೊರದಲ್ಲಿದ್ದ ಕಾಳುಗಳನ್ನು ಒಂದು ಬದಿಗೆ ಸರಿಸಿದಳು.

“ಹೊಳಲಿನಾಗ ಅಷ್ಟು ಮಂದಿ ಮುಂದ ಅಂದ್ಬಿಟ್ಟೆ. ಮನಿಗೆ ಬಂದ ಮ್ಯಾಲೆ ಅನ್ನಿಸ್ತು, ತಪ್ಪು ನಂದ, ಮ್ಯಾಲೆ ಅವರ ಮಾನಾನೂ ನಾನ ಕಳದೆ ಅಂತ. ಅದಕ್ಕ ಅವರು ಮಾತು ಬಿಟ್ಟಾಗ ನಾನೂ ಕೇಳಲಿಲ್ಲ. ಕೇಳಾಕ ನನಗ ಮುಖ ಇರಲಿಲ್ಲ.”

“ಅವ್ವಾ, ನಾ ಸಣ್ಣಾಕಿ ಇದ್ದೆ. ಅಪ್ಪನ ಭಯ ಇತ್ತು. ತಪ್ಪು ಅಪ್ಪಂದ ಅಲ್ಲನು, ಒಂದು ಗೀರಿಗೆ ಹಂಗ ಮಾಡಿದ್ದು?”

“ಅವರದ ತಪ್ಪು. ಇಲ್ಲಂದ್ನೇನು?” ಅವ್ವ ತಲೆ ಎತ್ತಿ ನನ್ನನ್ನು ನೋಡಿದಳು. “ಆದ್ರ ಅವರಿಗೆ ಗೊತ್ತಿರಲಿಲ್ಲ. ನಿನಗ ಗೊತ್ತಿತ್ತು.”

ಸಂಜೆ ಅವಳು ಊಟ ಮಾಡಿದಳು, ಮೊಮ್ಮಗಳಿಗೆ ಜಡೆ ಹಾಕಿದಳು, ನನ್ನ ಗಂಡನ ಜೊತೆ ಎರಡು ಮಾತಾಡಿದಳು. ಹದಿನೈದು ದಿನಕ್ಕೆಂದು ಬಂದವಳು ಆರನೆಯ ದಿನ ಬೆಳಿಗ್ಗೆ ಚೀಲ ಕಟ್ಟಿದಳು. ಇರು ಎಂದು ಕೇಳಿಕೊಂಡೆ. ತಮ್ಮನ ಮನೆಯಲ್ಲಿ ಕೆಲಸವಿದೆ ಎಂದಳು. ಬಸ್‌ಸ್ಟ್ಯಾಂಡಿಗೆ ನಡೆದುಕೊಂಡೇ ಹೋದೆವು, ಚೀಲ ನನ್ನ ಕೈಯಲ್ಲಿತ್ತು. ಕೊಟ್ಟೂರಿನ ಬಸ್ಸು ನಿಂತಿತ್ತು. ಮೆಟ್ಟಿಲು ಎತ್ತರವಿತ್ತು, ಅವಳಿಗೆ ಮೊಣಕಾಲು ನೋವು. ನಾನು ಕೈ ಹಿಡಿಯಲು ಮುಂದೆ ಹೋದೆ.

“ಬಿಡು,” ಎಂದಳು. “ನಾ ಹತ್ತತೀನಿ.”

ಚೀಲ ಇಸಿದುಕೊಂಡು, ಕಂಬಿ ಹಿಡಿದು, ಒಂದೊಂದೇ ಮೆಟ್ಟಿಲು ಹತ್ತಿ ಒಳಗೆ ಹೋದಳು.